ದೇವರಿಗಿಂತ ಮೊದಲು ಬಂದ ಸೂರಕ್ಕಿ

ಇಂದು ಬೆಳಿಗ್ಗೆ ಆಮರ್ಸ್‌ಫೋರ್ಟಿನ ನಮ್ಮ ಹಿತ್ತಲಲ್ಲಿ ಮಗಳು "ಪಪ್ಪಾ, ಹಮ್ಮಿಂಗ್‌ಬರ್ಡ್!" ಎಂದು ಕಿರುಚಿದಳು. ಹೋಗಿ ನೋಡಿದರೆ, ಲ್ಯಾವೆಂಡರ್ ಮುಂದೆ ಗಾಳಿಯಲ್ಲೇ ನಿಂತು ಮಧು ಹೀರುತ್ತಿದ್ದ ಒಂದು ಪತಂಗ. ಈ ದೇಶದಲ್ಲಿ ಹಮ್ಮಿಂಗ್‌ಬರ್ಡ್ ಹಕ್ಕಿಯೇ ಇಲ್ಲ; ಅದರ ಕೆಲಸವನ್ನೂ ಕಾಂಟ್ರಾಕ್ಟ್ ಮೇಲೆ ಬೇರೆಯವರೇ ಮಾಡುತ್ತಾರೆ!

ನಾನಾಗಲೇ ಮೈಸೂರಿನಲ್ಲಿ, ಅಜ್ಜಿಯ ದಾಸವಾಳದ ಗಿಡದ ಪಕ್ಕದಲ್ಲಿದ್ದೆ. ಮೂಸಿದ ಹೂವನ್ನೂ ದೇವರಿಗೆ ಏರಿಸದಷ್ಟು ಮಡಿ ಅವಳದು. ಅಂಥವಳ ಗಿಡಕ್ಕೆ ಬೆರಳುದ್ದದ ಸೂರಕ್ಕಿಯೊಂದು ದಿನವೂ ಮೊದಲು ಬಂದು, ಹೂವಿಗೆಲ್ಲ ಕೊಕ್ಕಿಟ್ಟು ಹೋಗುತ್ತಿತ್ತು. ಅದನ್ನು ಓಡಿಸಲೆಂದೇ ಒಂದು ದಿನ ಅಜ್ಜಿ ಬೇಗ ಎದ್ದು ಕಾದಳು. ಹಕ್ಕಿ ಅವಳ ಮೂಗಿನೆದುರೇ ಬಂತು. ಅದರ ನೀಲಿ ಕತ್ತು ಎಳೆಬಿಸಿಲಿಗೆ ರೇಷ್ಮೆ ಸೆರಗಿನಂತೆ ಬಣ್ಣ ಬದಲಿಸಿತು. ಓಡಿಸಲು ಎತ್ತಿದ ಅಜ್ಜಿಯ ಕೈ ಹಾಗೇ ನಿಂತಿತು.

"ಹೂವೆಲ್ಲೇ?" ಪೂಜೆಗೆ ಕೂತಿದ್ದ ತಾತ ಒಳಗಿಂದ ಕೂಗಿದರು.

"ಶ್! ಇದರ ತಿಂಡಿ ಇನ್ನೂ ಆಗ್ತಿದೆ."

"ಎಂಜಲಾಗಲ್ವೇನೇ?"

"ಅಲ್ರೀ, ಅಭಿಷೇಕಕ್ಕೆ ಸುರೀತೀರಲ್ಲ ಜೇನುತುಪ್ಪ, ಅದು ಯಾರ ಎಂಜಲು?"

ತಾತ ಗಂಟೆ ಬಾರಿಸಿದರು. ಅಂದಿನಿಂದ ನಮ್ಮನೆ ದೇವರಿಗೆ ಎರಡನೇ ಪಂಕ್ತಿ.

ಇಲ್ಲಿ ಪತಂಗ ಇನ್ನೂ ಹೋಗಿಲ್ಲ. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಾಳೆ. ಸ್ಕೂಲಿಗೆ ತಡವಾಗಿದೆ; ಹೇಳುವವರು ಯಾರು?