ಕಯಮೆ ಗದ್ದೆಯ ನೀರು ಬಿಟ್ಟ ದಿನ

ನಿವೃತ್ತಿಗೆ ಎರಡು ಮುಂಗಾರು ಉಳಿದಿದ್ದಾಗ ನಾನು ಮೂಡುಬಿದಿರೆ ಭಾಗದಲ್ಲಿ ಕೃಷಿ ಅಧಿಕಾರಿಯಾಗಿದ್ದೆ. ಆ ವರ್ಷ ಸೆಪ್ಟೆಂಬರಿನಲ್ಲಿ ಮಳೆ ಕೈಕೊಟ್ಟಿತು. ಬೆಳುವಾಯಿಯ ಗಿರಿಜಕ್ಕ ಫೋನ್ ಮಾಡಿ, ಭತ್ತದ ಗದ್ದೆಯ ನಡುವೆ ಪೈರು ಸುಟ್ಟ ಹಾಗೆ ಕಾಣುತ್ತದೆ, ಇವತ್ತೇ ಬರಬೇಕು ಎಂದರು.

ಗದ್ದೆಯ ಬದು, ಅಂದರೆ ಹುಣಿಯ ಮೇಲೆ ನಿಂತೇ ಬೆಳೆ ಪರಿಶೀಲಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪ್ಯಾಂಟ್ ಮಡಚಿ ಇಳಿದೆ. ಬುಡ ಸರಿಸಿದರೆ ನೀರಿನ ಮಟ್ಟಕ್ಕೆ ಸರಿಯಾಗಿ ಕಂದು ಜಿಗಿಹುಳುಗಳು ಮುತ್ತಿಕೊಂಡಿದ್ದವು. ಇವು ಕಾಂಡದ ರಸ ಹೀರಿದಂತೆ ಪೈರು ವೃತ್ತಾಕಾರವಾಗಿ ಒಣಗುತ್ತದೆ. ಇದಕ್ಕೆ ಹಾಪರ್ ಬರ್ನ್ ಎನ್ನುತ್ತೇವೆ. ಮಳೆ ನಿಂತ ಹೆದರಿಕೆಗೆ ಗಿರಿಜಕ್ಕ ಮತ್ತು ಅವರ ಅಣ್ಣ ಸಂಜೀವಣ್ಣ ಇದ್ದಬದ್ದ ನೀರನ್ನೆಲ್ಲ ಕಟ್ಟಿ ನಿಲ್ಲಿಸಿದ್ದರು. ಹುಳುಗಳಿಗೆ ಅದೇ ಹಬ್ಬವಾಗಿತ್ತು.

ನೀರು ಬಿಡಬೇಕು, ಪೈರನ್ನು ಅಲ್ಲಲ್ಲಿ ಬಗೆದು ಗಾಳಿ ಬಿಸಿಲು ತಾಗಿಸಬೇಕು, ಬುಡಕ್ಕೇ ಔಷಧಿ ಸಿಂಪಡಿಸಬೇಕು. ಆದರೆ ಅದರಲ್ಲೂ ಅಪಾಯವಿತ್ತು. ತೆನೆ ಇನ್ನೂ ಗರಿಯೊಳಗಿತ್ತು. ಈ ಹಂತದಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಪಕ್ಕದ ತೋಡಿನಲ್ಲಿ ಹರಿವು ಬತ್ತಿದ್ದರಿಂದ ಬಿಟ್ಟ ನೀರನ್ನು ಮರಳಿ ತರುವ ದಾರಿಯಿರಲಿಲ್ಲ.

ಅದು ಕಯಮೆ ತಳಿ. ತಾಯಿಯ ಕಾಲದಿಂದ ಆ ಮನೆಯವರು ಬೈಹುಲ್ಲಿನ ಮುಡಿಯಲ್ಲಿ ಬೀಜ ಕಟ್ಟಿಟ್ಟು ಉಳಿಸಿಕೊಂಡು ಬಂದದ್ದು. ಸುತ್ತಲಿನವರು ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಇದ್ದ ಬೀಜವನ್ನೆಲ್ಲ ಬಿತ್ತಿಯಾಗಿತ್ತು; ಈ ಗದ್ದೆ ಹೋದರೆ ಅವರ ಪಾಲಿಗೆ ತಳಿಯೇ ಹೋಯಿತು.

ನೀರು ನಿಂತರೆ ಹುಳು ಇಡೀ ಗದ್ದೆಯನ್ನೇ ಮುಗಿಸುತ್ತದೆ, ಬಿಡಲೇಬೇಕು ಎಂದೆ. ಸಂಜೀವಣ್ಣ ಅಡ್ಡ ನಿಂತರು. “ಬಿಟ್ಟ ನೀರು ನೀವು ವಾಪಸ್ ತಂದು ಕೊಡ್ತೀರಾ ಸರ್?”

ಇಲ್ಲವೆಂದು ಒಪ್ಪಿಕೊಂಡೆ. ಊಟಕ್ಕೆ ಸಾಲುವಷ್ಟು ಬರಲಿಕ್ಕಿಲ್ಲ, ಬೀಜಕ್ಕಾದರೂ ಉಳಿದೀತು ಎಂದೆ. ಗಿರಿಜಕ್ಕ ಗದ್ದೆಗಿಳಿದು ತಾವೂ ಒಂದು ಬುಡ ಸರಿಸಿ ನೋಡಿದರು.

“ಬೀಜ ಸಿಕ್ಕಿದರೆ ಸಾಕು. ಹುಣಿ ಕಡಿಯುವ, ಅಣ್ಣ,” ಎಂದು ತಾವೇ ಹಾರೆ ತೆಗೆದುಕೊಂಡರು.

ನೀರು ಕೆಳಗೆ ಬಿತ್ತದೆ ಬಿಟ್ಟ ಹಡಿಲು ಗದ್ದೆಗೆ ಹರಿದುಹೋಗುವುದನ್ನು ಮೂವರೂ ನೋಡುತ್ತ ನಿಂತೆವು. ಗಾಳಿ, ಬಿಸಿಲು, ಔಷಧಿಗೆ ಹುಳು ತಗ್ಗಿತು. ಮಳೆ ಮಾತ್ರ ಬರಲಿಲ್ಲ. ಗದ್ದೆ ಬಿರುಕುಬಿಟ್ಟಿತು. ದಿನಾ ಆಕಾಶ ನೋಡಿ ನೋಡಿ ನನಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಮಳೆ ಬಂದಾಗ ತೆನೆಗಳಲ್ಲಿ ಹೆಚ್ಚಿನವು ಬೆಳ್ಳಗೆ ನೆಟ್ಟಗೆ ನಿಂತಿದ್ದವು, ಎಲ್ಲ ಜೊಳ್ಳು.

ಕೊಯ್ಲಾದ ಮೇಲೆ ಹೋದೆ. ಗಾಳಿಗೆ ತೂರಿ ಉಳಿದ ಕಾಳು ಒಂದು ಸಣ್ಣ ಮುಡಿಗಷ್ಟೇ ಆಗುವಂತಿತ್ತು. ಹೊಸ ಬೆಳೆಯ ಮೊದಲ ಅನ್ನ ಉಣ್ಣುವ ಹೊಸ ಅಕ್ಕಿ ಊಟಕ್ಕೆ ಶಾಸ್ತ್ರಕ್ಕಾದರೂ ಒಂದು ಹಿಡಿ ತೆಗೆಯುವ ಎಂದು ಸಂಜೀವಣ್ಣ ಕೇಳಿದರು. ಗಿರಿಜಕ್ಕ ಕೊಡಲಿಲ್ಲ.

“ಈ ಸಲ ಅಂಗಡಿ ಅಕ್ಕಿಯಲ್ಲೇ ಮಾಡುವ. ಇದನ್ನು ಮುಟ್ಟುವುದು ಬೇಡ.”

ಬೆಳೆಯ ನಡುವೆ ನಾವು ಕೊಡುವ ಸಲಹೆಯಲ್ಲಿ ಎಷ್ಟೋ ಸಲ ಲಾಭದ ದಾರಿಯೇ ಇರುವುದಿಲ್ಲ. ಯಾವ ನಷ್ಟವನ್ನು ತಾಳಿಕೊಳ್ಳಬಲ್ಲಿರಿ ಎಂದು ಗದ್ದೆಯವರನ್ನೇ ಕೇಳಬೇಕು. ಅವರು ಹೇಳುವವರೆಗೆ ಕೆಸರಲ್ಲೇ ನಿಂತು ಕಾಯಬೇಕು.