ಕಪ್ಪು ಕಲ್ಲಿನ ತೀರ್ಥ

ಹಾಸನದ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು ನಾನು. ಪ್ರತಿ ವರ್ಷ ಬಣ್ಣದ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಜ್ವಾಲಾಮುಖಿಯ ಚಿತ್ರ ಬರೆಯುತ್ತಿದ್ದೆ. ಹೊಟ್ಟೆಯೊಳಗೆ ಕೆಂಪು, ಪಕ್ಕಕ್ಕೆ ಕಂದು, ಬಾಯಿಂದ ಮೇಲಕ್ಕೆ ಬೂದಿ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು. ಬರೆಯುತ್ತಿದ್ದ ನಾನೇ ಅದನ್ನು ಕಂಡಿರಲಿಲ್ಲ. ಅಮೆರಿಕದ ಕ್ಯುಪರ್ಟಿನೋದಲ್ಲಿರುವ ಮಗಳ ಮನೆಗೆ ಬಂದಿದ್ದಾಗ ಒಂದು ದಿನ ಅವಳು, "ಅಮ್ಮ, ಸಮ್ಮರ್ ರಜಕ್ಕೆ ಹವಾಯಿಗೆ ಹೋಗೋಣ. ನಿನ್ನ ಜ್ವಾಲಾಮುಖಿ ತೋರಿಸ್ತೀನಿ" ಎಂದಳು. ಆವತ್ತು ಅನ್ನ ಕಲಸಿದ ಕೈ ಒಣಗುವವರೆಗೂ ಅವಳ ಜೊತೆ ಅದೇ ಮಾತಾಡುತ್ತ ಕೂತಿದ್ದೆ.

ನಮ್ಮ ಜೊತೆ ಇನ್ನೊಂದು ಸಂಸಾರವೂ ಬರುತ್ತದೆ ಎಂದು ಆಮೇಲೆ ತಿಳಿಯಿತು. ಅಳಿಯನ ಆಫೀಸಿನವನು, ಅವನ ಹೆಂಡತಿ. ಅಲ್ಲೇ ಹತ್ತಿರದ ಫಾಸ್ಟರ್ ಸಿಟಿಯಲ್ಲಿ, ಲಗೂನ್ ಎನ್ನುವ ಹಿನ್ನೀರಿನ ದಂಡೆಯ ಮೇಲೆ ಅವರ ಮನೆ. ಇಬ್ಬರೂ ನನ್ನನ್ನು ಆಂಟಿ ಎನ್ನುತ್ತಿದ್ದರು. ಗಂಡ ಸದಾ ಫೋನು ಎತ್ತಿ ಹಿಡಿದವನು. ಹೆಂಡತಿ ಬಲು ದೈವಭಕ್ತೆ, ಮಾತು ಮೆತ್ತಗೆ. ಮೊದಲ ದಿನ ವಿಮಾನದಲ್ಲಿ ನನಗೆ ಅವಳೇ ಹೆಚ್ಚು ಹಿಡಿಸಿದ್ದಳು.

ಆ ದ್ವೀಪಕ್ಕೆ ಕಾಲಿಟ್ಟ ಗಳಿಗೆ ಚೆನ್ನಾಗಿತ್ತು. ಎತ್ತ ನೋಡಿದರೂ ಹೆಪ್ಪುಗಟ್ಟಿದ ಕಪ್ಪು ಲಾವಾ, ಉತ್ತು ಬಿಟ್ಟ ಎರೆ ಹೊಲದ ಹಾಗೆ ಹೆಂಟೆ ಹೆಂಟೆ. ಅದರ ಆಚೆಗೆ ಕಣ್ಣು ಕೋರೈಸುವ ಸಮುದ್ರ. ಸ್ವಲ್ಪ ದೂರ ಹೋದ ಮೇಲೆ ರಸ್ತೆಯ ಎರಡೂ ಕಡೆ ಆ ಕಪ್ಪಿನ ಮೇಲೆ ಬಿಳಿ ಅಕ್ಷರಗಳು ಕಾಣತೊಡಗಿದವು. ಬಂದುಹೋದವರು ಬಿಳಿ ಹವಳದ ಚೂರುಗಳನ್ನು ಜೋಡಿಸಿ ತಮ್ಮ ಹೆಸರು, ಪ್ರೇಮಿಯ ಹೆಸರು, ಹೃದಯದ ಗುರುತು ಬರೆದಿದ್ದರು. ಮೈಲಿಗಟ್ಟಲೆ ಅದೇ. ನಮ್ಮೂರ ಹೈಸ್ಕೂಲಿನ ಪಾಯಿಖಾನೆಯ ಗೋಡೆ ನೆನಪಾಯಿತು. ಗಾಡಿ ಓಡಿಸುತ್ತಿದ್ದ ಫಾಸ್ಟರ್ ಸಿಟಿಯವನು, "ಸೂಪರ್ ಅಲ್ವಾ ಆಂಟಿ? ನಾವೂ ಒಂದು ಬರೆಯೋಣ, ಕನ್ನಡದಲ್ಲಿ" ಎಂದು ಗಾಡಿ ನಿಲ್ಲಿಸಿಯೇ ಬಿಟ್ಟ. ಹವಳದ ಚೂರು ಆರಿಸಿ ತನ್ನ ಹೆಸರು ಬರೆದ. ಒತ್ತಕ್ಷರ ಬಿಟ್ಟುಹೋಗಿತ್ತು. ನಾನು ಇಳಿಯಲಿಲ್ಲ.

ಮಾರನೆಯ ದಿನ ಕಪ್ಪು ಮರಳಿನ ಕಡಲತೀರಕ್ಕೆ ಹೋದೆವು. ದೊಡ್ಡದೊಂದು ಆಮೆ ನೀರಿನಿಂದ ಎದ್ದು ಬಂದು ಬಿಸಿಲಿಗೆ ಮಲಗಿತ್ತು. ಅದರ ಸುತ್ತ ಕಲ್ಲಿಟ್ಟು ಗೆರೆ ಮಾಡಿ, ಒಳಗೆ ಬರಬೇಡಿ ಎಂದು ಬೋರ್ಡು ಹಾಕಿದ್ದರು. ಆ ಗೆರೆಯ ಸುತ್ತ ಜನ ಜಾತ್ರೆಯಂತೆ ಮುತ್ತಿದ್ದರು. ಬೆವರಿಗೆ ಕರಗಿ ಇಳಿಯುತ್ತಿದ್ದ ಸನ್‌ಸ್ಕ್ರೀನ್ ಹಚ್ಚಿದ ಬೆನ್ನುಗಳು, ಚಿಪ್ಸಿನ ಪುಡಿ ಅಂಟಿದ ಬೆರಳುಗಳು, ಯಾರದೋ ಸ್ಪೀಕರಿನಿಂದ ಧಬಧಬ ಎನ್ನುವ ಹಾಡು. ಆಮೆಯ ಕಣ್ಣಿನಿಂದ ಲೋಳೆಯಂಥದು ಒಸರುತ್ತಿತ್ತು. ಮೈಯ ಉಪ್ಪನ್ನು ಅದು ಹಾಗೆ ಹೊರಹಾಕುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ನೋಡಲು ಅಳುತ್ತಿದ್ದ ಹಾಗೇ ಇತ್ತು. ನಮ್ಮ ಫಾಸ್ಟರ್ ಸಿಟಿಯವನು ಗೆರೆ ದಾಟಿ ಹೋಗಿ ಅದರ ಚಿಪ್ಪಿನ ಮೇಲೆ ಅಂಗೈ ಊರಿ, ಹೆಂಡತಿಗೆ "ಫೋಟೋ ತೆಗಿ, ತೆಗಿ" ಎಂದ. ಆಮೆ ಕುತ್ತಿಗೆಯನ್ನು ಆಚೆಗೆ ಹೊರಳಿಸಿತು. ಅವನು ಕೈ ತೆಗೆದಾಗ ಚಿಪ್ಪಿನ ಮೇಲೆ ಐದೂ ಬೆರಳಿನ ಜಿಡ್ಡಿನ ಗುರುತು ಉಳಿದಿತ್ತು.

ಪಕ್ಕದಲ್ಲಿ ಕುಳಿತಿದ್ದ ಆ ಊರಿನ ಮುದುಕರೊಬ್ಬರು ಎದ್ದು ಬಂದು, ಅದು ವಿಶ್ರಾಂತಿ ತಗೊಳ್ತಿದೆ, ದಯವಿಟ್ಟು ಆಚೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವನು ಸಾರಿ ಎಂದು ನಗುತ್ತ ಬಂದ. ಬಂದವನು ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ಆಮೆಗೇನು ಗೊತ್ತಾಗುತ್ತೆ ಬಿಡಿ" ಎಂದ. ಮುದುಕರ ಕಣ್ಣು ಒಮ್ಮೆ ನನ್ನ ಮೇಲೂ ಹಾಯಿತು. ಸೀರೆ ಉಟ್ಟ ನಾನು ಯಾರ ಕಡೆಯವಳು ಎಂದು ಅವರು ಬೇರೆ ಕೇಳಬೇಕಿರಲಿಲ್ಲ. ಆವತ್ತು ಮಧ್ಯಾಹ್ನ ಅವನು ಅದೇ ಕೈಯಿಂದ ಚಿತ್ರಾನ್ನದ ಡಬ್ಬಿ ಮುಂದೆ ಹಿಡಿದಾಗ ಹೊಟ್ಟೆ ಸರಿಯಿಲ್ಲ ಎಂದುಬಿಟ್ಟೆ.

ಕೊನೆಗೆ ಜ್ವಾಲಾಮುಖಿಯ ಬಾಯಿ. ನಾವು ಹೋದಾಗ ಅದು ಉಗುಳುತ್ತಿರಲಿಲ್ಲ, ಹಬೆಯಷ್ಟೇ ಏಳುತ್ತಿತ್ತು. ಅಂಚಿನ ಕಟಾಂಜನ ಹಿಡಿದು ಕೆಳಗೆ ನೋಡಿದೆ. ಒಂದು ಊರಿಗೆ ಊರೇ ಕುಸಿದು ಹೋದಂಥ ಗುಂಡಿ, ತಳದಲ್ಲಿ ಬಿರಿದ ಕಪ್ಪು ನೆಲ, ಬಿರುಕುಗಳಿಂದ ಬಿಳಿ ಹೊಗೆ. ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದ ಚೊಕ್ಕ ತ್ರಿಕೋನಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಗಾಳಿ ತಿರುಗಿ ಗಂಧಕದ ವಾಸನೆ ಮುಖಕ್ಕೆ ಹೊಡೆಯಿತು. ಕೊಳೆತ ಮೊಟ್ಟೆಯ ವಾಸನೆ ಎಂದು ಇಡೀ ಜನ್ಮ ಪಾಠ ಹೇಳಿದ್ದೆ. ನಮ್ಮ ಮನೆಯಲ್ಲಿ ಮೊಟ್ಟೆ ತಂದವರೇ ಇಲ್ಲ, ಕೊಳೆತದ್ದು ಹೇಗಿರುತ್ತದೆಂದು ನನಗೇನು ಗೊತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮೊಮ್ಮಗಳು, "ಅಜ್ಜಿ, ಇಟ್ ಸ್ಟಿಂಕ್ಸ್" ಎಂದು ನನ್ನ ಸೊಂಟಕ್ಕೆ ಮುಖ ಒತ್ತಿದಳು.

ಆ ವಾಸನೆಯನ್ನಾದರೂ ತಡೆದುಕೊಳ್ಳಬಹುದಿತ್ತು, ಅದು ನೆಲದ್ದು. ಸ್ವಲ್ಪ ಮುಂದೆ ಅಂಚಿನಲ್ಲಿ ಪ್ರವಾಸಿಗಳು ಇಲ್ಲಿಯ ಅಗ್ನಿದೇವತೆಗೆಂದು ಇಟ್ಟುಹೋದ ರಾಶಿಯಿತ್ತು. ರಸ ಸೋರಿ ನೊರೆಗಟ್ಟಿದ ಬಾಳೆಹಣ್ಣು, ಪ್ಲಾಸ್ಟಿಕ್ಕಿನಲ್ಲೇ ಬೆವೆತ ಕೇಕಿನ ತುಂಡು, ಅರ್ಧ ಖಾಲಿಯಾದ ಹೆಂಡದ ಬಾಟಲಿ, ಮುತ್ತಿದ ಇರುವೆ. ನಾನು ನೋಡುತ್ತಿದ್ದ ಹಾಗೆ ಬಾಳೆಲೆಯಂಥ ಎಲೆಯ ಅಡಿಯಿಂದ ಇಲಿಯೊಂದು ಹೊರಟು ಮತ್ತೆ ನುಸುಳಿತು. ಪೂಜೆ ಹೀಗೆ ಮಾಡಬೇಡಿ ಎಂದು ಅಲ್ಲೇ ಬರೆದೂ ಹಾಕಿದ್ದರು.

ಫಾಸ್ಟರ್ ಸಿಟಿಯವಳು ಆ ರಾಶಿಯ ಮುಂದೆ ಕೈಮುಗಿದು ನಿಂತಳು. ಆಮೇಲೆ ಬಗ್ಗಿ, ಮೂಸಂಬಿಗಿಂತ ತುಸು ದೊಡ್ಡದಾದ, ಉದ್ದನೆಯ ಕಲ್ಲೊಂದನ್ನು ಎತ್ತಿಕೊಂಡಳು.

"ನೋಡಿ ಆಂಟಿ, ಲಿಂಗದ ಥರಾನೇ ಇಲ್ವಾ? ಎಷ್ಟು ಜನ ಓಡಾಡಿದಾರೆ, ನನ್ ಕಣ್ಣಿಗೇ ಬಿತ್ತು."

"ಇಲ್ಲಿಂದ ಕಲ್ಲು ತಗೊಂಡು ಹೋಗಬಾರದು ಅಂತ ಬರೆದಿದಾರಲ್ಲಮ್ಮ."

"ಒಂದೇ ಒಂದು ಅಲ್ವಾ ಆಂಟಿ."

"ಇದು ಇವರ ದೇವರ ಜಾಗ. ನಮ್ಮ ಗುಡಿಯಿಂದ ಯಾರಾದ್ರೂ ಹೀಗೆ ಎತ್ಕೊಂಡು ಹೋದ್ರೆ ಸುಮ್ನಿರ್ತೀವಾ? ಇಡಮ್ಮ ಕೆಳಗೆ."

ಅವಳು ಪಾಪ, ತಲೆ ಬಗ್ಗಿಸಿ ಕಲ್ಲನ್ನು ಕೆಳಗಿಟ್ಟಳು. ನನಗೆ ಅವಳ ಮೇಲೆ ಪ್ರೀತಿಯೇ ಬಂತು. ಮೊಮ್ಮಗಳನ್ನು ಕರೆದುಕೊಂಡು ಗಾಡಿಯ ಕಡೆ ನಡೆದೆ.

ವಾಪಸು ಬಂದ ಮೇಲೆ ಶ್ರಾವಣ ಬಂತು. ಸೋಮವಾರ ಸಂಜೆ ಪೂಜೆಗೆ ಬನ್ನಿ ಎಂದು ಅವಳು ಫೋನು ಮಾಡಿದಳು. ನನಗೆ ಹೋಗುವ ಮನಸ್ಸಿರಲಿಲ್ಲ. ಮಗಳು, "ಅಮ್ಮ, ನಾವಿಲ್ಲಿ ಯಾರ ಜೊತೆನೂ ಕೆಡಿಸ್ಕೊಳ್ಳೋ ಹಾಗಿಲ್ಲ, ಸುಮ್ನೆ ಬಾ" ಎಂದಳು. ಹೋದೆ. ಒಳ್ಳೆಯ ಮನೆ, ಹಿಂದೆ ಮರದ ಜಗಲಿಯಂಥ ಡೆಕ್ಕು, ಅದರಿಂದ ನೇರ ಲಗೂನಿನ ನೀರು. ಪರಿಚಯದ ಕೆಲವು ಸಂಸಾರಗಳು ಸೇರಿದ್ದವು. ದೇವರ ಕೋಣೆಗೆ ಕಾಲಿಡುತ್ತಲೇ ಊದುಬತ್ತಿಯ ಹೊಗೆಯ ಕೆಳಗೆ ಇನ್ನೊಂದು ವಾಸನೆ ಮೂಗಿಗೆ ತಗುಲಿತು. ತೊಳೆಯದೆ ಬಿಟ್ಟ ಹಾಲಿನ ಪಾತ್ರೆಯದು.

ಬೆಳ್ಳಿಯ ತಟ್ಟೆಯಲ್ಲಿ ಆ ಕಲ್ಲು ಕುಳಿತಿತ್ತು. ಮೂರು ಪಟ್ಟೆ ವಿಭೂತಿ, ಮೇಲೆ ಬಿಲ್ವಪತ್ರೆ. ನಾನು ಗಾಡಿಯ ಕಡೆ ನಡೆದ ಮೇಲೆ ಅವಳು ಅದನ್ನು ಮತ್ತೆ ಎತ್ತಿಕೊಂಡಿದ್ದಳು. "ಹವಾಯಿಯಿಂದ ಬಂದ ಸ್ವಯಂಭು" ಎಂದು ಅವಳ ಗಂಡ ಬಂದವರಿಗೆಲ್ಲ ತೋರಿಸುತ್ತಿದ್ದ. ಲಾವಾ ಆರುವಾಗ ಒಳಗಿನ ಗಾಳಿ ಗುಳ್ಳೆಯಾಗಿ ಹೊರಟು ಕಲ್ಲಿನ ತುಂಬ ತೂತು ಬಿಟ್ಟಿರುತ್ತದೆ. ಆ ತೂತುಗಳಲ್ಲೆಲ್ಲ ದಿನವೂ ಸುರಿದ ಹಾಲು, ಮೊಸರು, ತುಪ್ಪ ಇಂಗಿ ಹಳದಿ ಗಸಿಯಾಗಿ ಕೂತಿತ್ತು. ಒಂದೆರಡು ತೂತುಗಳ ಬಾಯಲ್ಲಿ ಬೂಷ್ಟು ಹಸಿರಾಗಿತ್ತು. ಅವಳು ಮಂತ್ರ ಹೇಳುತ್ತ ಆ ಕಲ್ಲಿನ ಮೇಲೆ ಪಂಚಾಮೃತ ಸುರಿದಳು, ತಟ್ಟೆಯಲ್ಲಿ ನಿಂತದ್ದನ್ನು ಬಟ್ಟಲಿಗೆ ಬಸಿದುಕೊಂಡು ಎಲ್ಲರ ಕೈಗೂ ಹಾಕುತ್ತ ಬಂದಳು. ಜನ ಕಣ್ಣು ಮುಚ್ಚಿ ಕುಡಿದು ಕೈಯನ್ನು ತಲೆಗೆ ಸವರಿಕೊಂಡರು. ಅಳಿಯನೂ ಕುಡಿದ.

ನನ್ನ ಕೈಗೂ ಬಿತ್ತು. ಬೆಚ್ಚಗಿತ್ತು. ಬಿಳಿಯಲ್ಲಿ ಒಡೆದ ಮೊಸರಿನ ಚೂರು, ಒಂದು ಕಪ್ಪು ಕಣ. ಬಾಯಿಯ ಹತ್ತಿರ ತಂದು ಕೈ ಕೆಳಗಿಳಿಸಿದೆ. ತೀರ್ಥ ಚೆಲ್ಲಬಾರದು ಎಂದು ಹುಟ್ಟಿದಾಗಿನಿಂದ ಕಲಿತವಳು ನಾನು. ಎದ್ದು ಅಡುಗೆಮನೆಯ ಸಿಂಕಿಗೆ ಹೋಗಿ ಚೆಲ್ಲಿ, ಸೋಪು ಹಾಕಿ ಕೈ ತೊಳೆದೆ.

ಅವಳು ಹಿಂದೆಯೇ ಬಂದಿದ್ದಳು. "ಯಾಕಾಂಟಿ, ತೀರ್ಥ ಚೆಲ್ಲಿಬಿಟ್ರಿ?"

"ಅದು ಹಳಸಿದೆ ಕಣಮ್ಮ. ಆ ಕಲ್ಲು ಹಾಲನ್ನ ಕುಡಿಯುತ್ತೆ, ಒಳಗೇ ಕೊಳೆಯುತ್ತೆ. ನೀನು ಕೊಟ್ಟಿದ್ದು ಆ ಕೊಳೆತದ್ದನ್ನ ತೊಳೆದ ನೀರು. ಅದಿರಲಿ, ಕೆಳಗಿಟ್ಟೆಯಲ್ಲ ಆವತ್ತು?"

ಪಕ್ಕದ ಕೋಣೆಯಲ್ಲಿ ಮಾತು ನಿಂತಿತ್ತು. ಅವಳ ಗಂಡ ಮಾತ್ರ ನಗುತ್ತ, "ಆಂಟಿ ರಿಟೈರ್ ಆದ್ರೂ ಪಾಠ ಬಿಟ್ಟಿಲ್ಲ" ಎಂದ. ಯಾರೂ ನಗಲಿಲ್ಲ. ಒಬ್ಬ ಹೆಂಗಸು ಸೆರಗಿನ ತುದಿಯಿಂದ ಮೆಲ್ಲಗೆ ತುಟಿ ಒರೆಸಿಕೊಂಡಳು. ಊಟಕ್ಕೆ ಎಲ್ಲರೂ ಕುಳಿತರು, ಸರಿಯಾಗಿ ಉಂಡವರು ಕಡಿಮೆ.

ವಾಪಸು ಬರುವಾಗ ಗಾಡಿಯಲ್ಲಿ ಮಗಳು ಸಿಟ್ಟಿನಿಂದ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. "ಎಲ್ಲರ ಮುಂದೆ ಹೇಳಬೇಕಿತ್ತಾ ಅಮ್ಮ?"

"ಸಿಂಕಿನ ಹತ್ತಿರ ಹೇಳಿದ್ದು."

"ಎಲ್ಲರಿಗೂ ಕೇಳಿಸ್ತು."

ಫ್ರೀವೇಗೆ ಬಂದು ಸ್ವಲ್ಪ ದೂರ ಆಗಿತ್ತು. ಅಳಿಯ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಸಣ್ಣಗೆ ಕೇಳಿದ, "ಅತ್ತೆ, ಬೂಷ್ಟು ನಿಜವಾಗ್ಲೂ ಇತ್ತಾ?"

"ಹಸಿರಾಗಿತ್ತು."

ಅವನು ಮುಂದಿನ ಎಕ್ಸಿಟಿನಲ್ಲಿ ಇಳಿಸಿ, ಗ್ಯಾಸ್ ಸ್ಟೇಷನ್ನಿನ ಪಕ್ಕ ಗಾಡಿ ನಿಲ್ಲಿಸಿ, ಬಾಗಿಲು ತೆಗೆದು ಓಡಿದ. ಪೊದೆಯ ಹಿಂದಿನಿಂದ ಅವನು ವಾಂತಿ ಮಾಡುವ ಸದ್ದು ಕೇಳಿಸಿತು. ಮಗಳು ನೀರಿನ ಬಾಟಲಿ ಹಿಡಿದು ಹೋದಳು. ಮನೆ ಸೇರುವವರೆಗೆ ಅವಳು ಮತ್ತೆ ನನ್ನ ತಪ್ಪು ಎತ್ತಲಿಲ್ಲ.

ನಾನು ಊರಿಗೆ ಹೊರಡುವ ಮುನ್ನ ಫಾಸ್ಟರ್ ಸಿಟಿಯವಳು ಒಂದು ಬೆಳಿಗ್ಗೆ ನನ್ನ ಫೋನಿಗೇ ಕರೆ ಮಾಡಿದಳು. ಕಲ್ಲನ್ನು ಬಿಸಿನೀರಲ್ಲಿ ನೆನೆಹಾಕಿದಳಂತೆ, ವಿನೆಗರ್ ಹಾಕಿದಳಂತೆ, ವಾಸನೆ ಹೋಗಲಿಲ್ಲವಂತೆ. ಗಂಡ ಬೇಜಾರಾಗಿ ಡೆಕ್ಕಿನಿಂದ ಲಗೂನಿಗೆ ಎಸೆದುಬಿಟ್ಟನಂತೆ. ವಿಸರ್ಜನೆ ಆಯ್ತು ಬಿಡು ಎಂದನಂತೆ.

"ಅಲ್ಲಮ್ಮ, ಪೋಸ್ಟಲ್ಲಿ ಹವಾಯಿಗೇ ವಾಪಸು ಕಳಿಸಬಹುದಿತ್ತಲ್ಲ, ಎಷ್ಟೋ ಜನ ಕಳಿಸ್ತಾರಂತೆ."

"ನಾನೂ ಅದನ್ನೇ ಹೇಳ್ದೆ ಆಂಟಿ. ಅವರು ಕೇಳಲಿಲ್ಲ." ಅವಳ ದನಿ ಒಡೆಯಿತು. "ಅದನ್ನ ಮುಟ್ಟಿದಾಗ ಎಷ್ಟು ಸಮಾಧಾನ ಆಗಿತ್ತು ಗೊತ್ತಾ? ಈಗ ದೋಷ ಬರುತ್ತಾ ಆಂಟಿ?"

ಅಳುವವರ ಮುಂದೆ ನಾನು ಬೇಗ ಕರಗುವವಳು. ಆವತ್ತು ಕರಗಲಿಲ್ಲ. ಆಮೆಯ ಬೆನ್ನಿನ ಬೆರಳ ಗುರುತು, ನನ್ನ ಅಂಗೈಯ ಮೇಲಿನ ಆ ಬೆಚ್ಚನೆಯ ಹುಳಿ, ಬಾತುಕೋಳಿಗಳು ತೇಲುವ ನೀರಿನ ತಳದ ಕೆಸರಲ್ಲಿ ಹೂತ ಕಲ್ಲು ಎಲ್ಲ ಒಟ್ಟಿಗೆ ಬಂದು ಹೇಸಿಗೆಯಾಯಿತು. ಅವಳ ಸಮಾಧಾನದ ಮೇಲೂ ಹೇಸಿಗೆಯಾಯಿತು.

"ದೋಷದ ವಿಚಾರ ನನಗೆ ಗೊತ್ತಿಲ್ಲಮ್ಮ" ಎಂದೆ. "ದೇವರ ಕೋಣೆಯ ವಾಸನೆ ಹೋಯ್ತಾ?"

"ಇಲ್ಲ ಆಂಟಿ. ಮರದ ಮಂಟಪಕ್ಕೇ ಹತ್ತಿಕೊಂಡಿದೆ."

"ಅಡಿಗೆ ಸೋಡಾ ಹಾಕಿ ತಿಕ್ಕಿ, ಬಿಸಿಲಿಗಿಡು."

ಆಯ್ತು ಎಂದಳು. ಇನ್ನೂ ಏನೋ ಹೇಳುವುದಿತ್ತು ಅಂತ ಕಾಣುತ್ತದೆ, ಉಸಿರಿನ ಸದ್ದು ಕೇಳಿಸುತ್ತಿತ್ತು. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ನಾನು ಫೋನು ಇಟ್ಟೆ.