ಪುಟ ಕೇಳುತ್ತಿದ್ದ ಪೇಂಟರ್ ಈರಣ್ಣ

ಪೇಂಟರ್ ಈರಣ್ಣನ ಚೀಲದಲ್ಲಿ ಬ್ರಷ್ಷಿಗಿಂತ ಪುಸ್ತಕಗಳೇ ಹೆಚ್ಚು. ತೆಲುಗು ಗಡಿಯ ಆಲೂರು, ಮದ್ದಿಕೇರ, ಪೆದ್ದಕಡುಬೂರಿನ ಕನ್ನಡ ಶಾಲೆಗಳ ಗೋಡೆಗಳ ಮೇಲೆ ದೊಡ್ಡವರ ನುಡಿಮುತ್ತು ಬರೆಯುವುದು ಆತನ ಕಸುಬು. ಮಾತು ನೀಲಿಯಲ್ಲಿ, ಕೆಳಗೆ ಹೇಳಿದವರ ಹೆಸರು ಕೆಂಪಿನಲ್ಲಿ. ನೀಲಿ ಅಕ್ಷರವನ್ನು ಯಾರು ಹೇಳಿದರೂ ಬರೆಯುತ್ತಿದ್ದ. ಕೆಂಪು ಡಬ್ಬಿಯ ಮುಚ್ಚಳ ತೆಗೆಯಬೇಕಾದರೆ ಮಾತ್ರ ಆ ಮಾತಿರುವ ಪುಸ್ತಕ ತಂದು, ಪುಟ ತೆರೆದು ತೋರಿಸಬೇಕು. ಓದಿದ್ದು ಆರನೇ ತರಗತಿ, ಹಟ ಮಾತ್ರ ಪಂಡಿತರದ್ದು.

ಬಡಕಲು ಮೈ, ಕಿವಿಯ ಮೇಲೊಂದು ಪೆನ್ಸಿಲ್ಲು. ಸುಣ್ಣದ ಪುಡಿಯಲ್ಲಿ ಅದ್ದಿದ ದಾರವನ್ನು ಗೋಡೆಗೆ ಬಿಗಿಹಿಡಿದು ಚಿಮ್ಮಿಸಿದರೆ ಗೆರೆ ಬೀಳುತ್ತಿತ್ತು. ಆ ಗೆರೆಯ ಮೇಲೆ ಅಕ್ಷರಗಳು ಸಾಲಾಗಿ ಕೂರುತ್ತಿದ್ದವು. ಮಧ್ಯಾಹ್ನ ರೊಟ್ಟಿ ತಿಂದು ಬೇವಿನ ನೆರಳಲ್ಲಿ ಓದುತ್ತಿದ್ದ. ಆತ ಓದಿದ ಪುಸ್ತಕವನ್ನು ಗುರುತಿಸುವುದು ಸುಲಭ, ಪುಟದ ಅಂಚಿನಲ್ಲೆಲ್ಲ ಬಣ್ಣದ ಬೆರಳಚ್ಚು.

ನಾನು ಆಲೂರಿನ ಶಾಲೆಗೆ ಕನ್ನಡ ಟೀಚರಾಗಿ ಸೇರಿದ ಹೊಸತು. ಓದಿನ ಬಗ್ಗೆ ಹೆಸರಾಂತ ಕವಿಯೊಬ್ಬರು ಹೇಳಿದ್ದೆಂದು ಒಂದು ಮಾತನ್ನು ನೆನಪಿನಿಂದಲೇ ಬರೆದುಕೊಟ್ಟೆ. ಈರಣ್ಣ ಪುಟ ಕೇಳಿದ. ಎಂ.ಎ. ಓದಿದವಳನ್ನು ಪೇಂಟರ್ ಪುಟ ಕೇಳುವುದೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಆತ ಏಣಿಯಿಂದ ಇಳಿಯಲೂ ಇಲ್ಲ.

“ಸತ್ತೋರು ಎದ್ದು ಬಂದು ಇದು ನನ್ನ ಮಾತಲ್ಲ ಅನ್ನಾಕ ಆಗಂಗಿಲ್ಲ ಟೀಚರಮ್ಮ. ಅದಕ್ಕ ನಾವು ಹುಷಾರಿರಬೇಕು.”

ಆತನ ಬಾಯಿ ಮುಚ್ಚಿಸಲೆಂದೇ ಶನಿವಾರ ಆದೋನಿಯ ಗ್ರಂಥಾಲಯಕ್ಕೆ ಹೋದೆ. ಮಾತು ಸಿಕ್ಕಿತು, ಆದರೆ ಬೇರೊಬ್ಬರ ಪುಸ್ತಕದಲ್ಲಿ. ಸೋಮವಾರ ಮುಖ ಸಣ್ಣದು ಮಾಡಿಕೊಂಡು ತೋರಿಸಿದೆ. ಎರಡು ಸಲ ಓದಿದ ಈರಣ್ಣ, ಪರವಾಲೇದು, ಸಿಕ್ಕಿತಲ್ಲ ಎಂದು ಅರ್ಧ ತೆಲುಗಿನಲ್ಲಿ ಸಮಾಧಾನ ಹೇಳಿ ಚಹಾ ತರಿಸಿದ.

ಕೆಲವು ವರ್ಷಗಳ ನಂತರ ಶಾಲೆಗೆ ಹೊಸ ಕಟ್ಟಡವಾಯಿತು. ಉದ್ಘಾಟನೆಗೆ ದೊಡ್ಡ ಅಧಿಕಾರಿ ಬರುವವರಿದ್ದರು. ಹೆಡ್ಮಾಸ್ಟರು ತಮ್ಮ ಫೋನಿಗೆ ಬಂದ ಹತ್ತು ನುಡಿಮುತ್ತುಗಳನ್ನು ಹಾಳೆಗೆ ಇಳಿಸಿಕೊಟ್ಟರು. ಹತ್ತರ ಕೆಳಗೂ ಒಬ್ಬನೇ ವಿಜ್ಞಾನಿಯ ಹೆಸರು. ಈರಣ್ಣ ಹತ್ತನ್ನೂ ನೀಲಿಯಲ್ಲಿ ಬರೆದು ಬ್ರಷ್ ತೊಳೆದಿಟ್ಟ. ಹೆಡ್ಮಾಸ್ಟರು ಗದರಿದರು, ಆಮೇಲೆ ಬೇಡಿಕೊಂಡರು. ಸಂಜೆಯೊಳಗೆ ಹೆಸರು ಬೀಳದಿದ್ದರೆ, ಕೊಡಿಸುತ್ತೇನೆಂದಿದ್ದ ಇನ್ನೂ ಮೂರು ಶಾಲೆಗಳ ಕೆಲಸ ಮರೆತುಬಿಡು ಎಂದರು. ಫ್ಲೆಕ್ಸ್ ಬಂದು ಪೇಂಟರುಗಳ ಹೊಟ್ಟೆಯ ಮೇಲೆ ಹೊಡೆದಿದ್ದ ಕಾಲ. ಆ ಮೂರು ಶಾಲೆಗಳೆಂದರೆ ಇಡೀ ಬೇಸಿಗೆಯ ಅನ್ನ. ನನಗೇ ತಡೆಯಲಾಗದೆ, ಬರೆದುಬಿಡು ಈರಣ್ಣ, ಯಾರು ನೋಡುತ್ತಾರೆ ಎಂದೆ. ಆತ ಕೆಂಪು ಡಬ್ಬಿಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಅವತ್ತು ನಾಚಿಕೊಂಡಷ್ಟು ನಾನು ಎಂದೂ ನಾಚಿಕೊಂಡಿಲ್ಲ.

ಮರುದಿನ ಅಧಿಕಾರಿ ಹೆಸರುಗಳೆಲ್ಲಿ ಎಂದು ಕೇಳಿಯೇ ಕೇಳಿದರು. ಹೆಡ್ಮಾಸ್ಟರು ಈರಣ್ಣನ ಕಡೆ ಕೈ ತೋರಿಸಿದರು.

“ಮಾತು ಚಲೋ ಅದಾವ ಸಾರ್. ಯಾರವಂತ ನನಗ ಗೊತ್ತಿಲ್ಲ. ಗೊತ್ತಾದ ದಿನ ನಾನ ಬಂದು ಬರೀತೀನಿ, ಕೂಲಿ ಬ್ಯಾಡ.”

ಅಧಿಕಾರಿ ತಲೆಯಾಡಿಸಿ ರಿಬ್ಬನ್ ಕತ್ತರಿಸಲು ಹೋದರು. ಮೂರು ಶಾಲೆಗಳ ಕೆಲಸ ಕೈತಪ್ಪಿತು. ಆ ಬೇಸಿಗೆ ಈರಣ್ಣ ಆದೋನಿಯಲ್ಲಿ ಮನೆಗಳಿಗೆ ಸುಣ್ಣ ಹೊಡೆದ. ಆದರೆ ಖಾಲಿ ಜಾಗಗಳು ಮಕ್ಕಳ ಕಣ್ಣಿಗೆ ಬಿದ್ದಿದ್ದವು. ಅವರು ಹುಡುಕತೊಡಗಿದರು, ಅವರ ಜೊತೆ ನಾನೂ. ಐದು ವರ್ಷಗಳಲ್ಲಿ ನಾಲ್ಕು ಮಾತುಗಳ ಪುಟ ಸಿಕ್ಕಿತು. ನಾಲ್ಕೂ ನಾಲ್ವರವು, ಒಂದೂ ಆ ವಿಜ್ಞಾನಿಯದಲ್ಲ. ಪ್ರತಿ ಸಲವೂ ಈರಣ್ಣ ತನ್ನೂರು ಮದ್ದಿಕೇರದಿಂದ ಬಸ್ಸು ಹತ್ತಿ ಬಂದು, ಪುಟ ಓದಿ, ಹೆಸರು ಬರೆದು ಹೋದ.

ಹೋದ ವರ್ಷ ಐದನೆಯದು ಸಿಕ್ಕಾಗಲೂ ಬಂದ. ಕೈಯಲ್ಲಿ ಮೊದಲಿನ ಹಿಡಿತ ಉಳಿದಿರಲಿಲ್ಲ. ಮೊದಲ ಅಕ್ಷರ ಸೊಟ್ಟಗಾಯಿತು, ಒರೆಸಿದ. ಮತ್ತೆ ಬರೆದ, ಮತ್ತೆ ಒರೆಸಿದ. ಯಾರಿಗೂ ಬ್ರಷ್ ಮುಟ್ಟಗೊಡದವನು ಅದನ್ನು ನನ್ನ ಮುಂದೆ ಹಿಡಿದ.

“ಪುಟ ನೀವು ನೋಡೀರಲ್ಲ, ನೀವ ಬರೀರಿ.”

ಬರೆದೆ. ಆತನ ಅಕ್ಷರದ ಚಂದ ಬರಲಿಲ್ಲ. ಈರಣ್ಣ ಗೇಟಿನ ತನಕ ಹಿಂದೆ ಸರಿದು ನಿಂತು ಬಹಳ ಹೊತ್ತು ನೋಡಿದ. ಮರುತಿಂಗಳೇ ತೀರಿಕೊಂಡ.

ಉಳಿದ ಐದು ಮಾತುಗಳ ಕೆಳಗೆ ಜಾಗ ಇನ್ನೂ ಖಾಲಿ ಇದೆ. ಹೋದ ವಾರ ತಪಾಸಣೆಗೆ ಬಂದವರು ಏಳನೇ ತರಗತಿಯ ಹುಡುಗಿಯೊಬ್ಬಳನ್ನು ಗೋಡೆಯ ಮುಂದೆ ನಿಲ್ಲಿಸಿ, ಇದು ಯಾರು ಹೇಳಿದ್ದು ಎಂದು ಕೇಳಿದರು. ಆಕೆ ತಡವರಿಸಲಿಲ್ಲ, ತಲೆ ತಗ್ಗಿಸಲಿಲ್ಲ.

“ಗೊತ್ತಿಲ್ಲ ಸಾರ್. ಹುಡುಕಾಕ ಹತ್ತೀವಿ.”

ಅವರು ನನ್ನ ಕಡೆ ತಿರುಗಿ, ಚೆನ್ನಾಗಿ ಕಲಿಸಿದ್ದೀರಿ ಎಂದರು. ಅದು ನಾನು ಕಲಿಸಿದ್ದಲ್ಲ, ಪೇಂಟರ್ ಈರಣ್ಣ ಕಲಿಸಿದ್ದು ಎಂದು ಅಲ್ಲೇ ಹೇಳಿದೆ.